ಏರ್‌ಲಾಕ್‌ನಲ್ಲಿ ಗುಳ್ಳೆ ಬರುತ್ತಿಲ್ಲವೇ? ಮನೆ ವೈನ್‌ನ ಸಲಕರಣೆ ತೊಂದರೆಗಳು: ಸಮಗ್ರ ಮಾರ್ಗದರ್ಶಿ

ದ್ರಾಕ್ಷಿ ಕಿವುಚಿ, ಸಕ್ಕರೆ ಕದಡಿ, ಯೀಸ್ಟ್ ಹಾಕಿ ಎರಡು ದಿನವಾಯಿತು. ಏರ್‌ಲಾಕ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. ಆಗ ಹೆಚ್ಚಿನವರು ಇನ್ನೊಂದು ಚಮಚ ಯೀಸ್ಟ್ ಸುರಿಯುತ್ತಾರೆ, ಇಲ್ಲವೇ ಸಕ್ಕರೆ ಸಾಲದಾಯಿತೆಂದು ಮತ್ತಷ್ಟು ಸಕ್ಕರೆ ಹಾಕುತ್ತಾರೆ. ಅಷ್ಟರಲ್ಲಿ ಡಬ್ಬದೊಳಗೆ ವೈನ್ ತನ್ನ ಪಾಡಿಗೆ ಚೆನ್ನಾಗಿಯೇ ಹುದುಗುತ್ತಿರುತ್ತದೆ. ಗಾಳಿ ಮಾತ್ರ ಏರ್‌ಲಾಕ್ ಬಿಟ್ಟು ಮುಚ್ಚಳದ ಸಂದಿಯಿಂದ ಹೊರಗೆ ಹೋಗುತ್ತಿರುತ್ತದೆ.

ಏರ್‌ಲಾಕ್ ಅಳತೆಯ ಸಾಧನವಲ್ಲ. ಅದು ಒಳಗಿನ ಗಾಳಿ ಹೊರಗೆ ಹೋಗಲು, ಹೊರಗಿನ ಗಾಳಿ ಒಳಗೆ ಬಾರದಿರಲು ಇರುವ ಬಾಗಿಲು, ಅಷ್ಟೆ. ಆದ್ದರಿಂದ ತೊಂದರೆ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಕೆಟ್ಟಿರುವುದು ವೈನೋ, ಸಲಕರಣೆಯೋ? ಮೊದಲು ಹೈಡ್ರೋಮೀಟರ್ (ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿ; ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು, ಹುದುಗಿದಂತೆ ಅದು ಇಳಿಯುತ್ತದೆ), ಆಮೇಲೆ ಸೋರಿಕೆ, ಆಮೇಲೆ ಶಾಖ, ಕೊನೆಗೆ ಯೀಸ್ಟ್. ಈ ಕ್ರಮದಲ್ಲಿ ನೋಡುತ್ತ ಹೋದರೆ ಬಹುಪಾಲು ಸಲ ಯೀಸ್ಟ್‌ವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಕೆಳಗಿನ ಲೆಕ್ಕಗಳು 10 ಲೀಟರ್ ಬೆಂಗಳೂರು ನೀಲಿ ದ್ರಾಕ್ಷಿಯ ವೈನ್‌ಗೆ. ಹಣ್ಣು ಬೇರೆಯಾದರೂ ಸಲಕರಣೆಯ ಮಾತು ಬದಲಾಗದು. ಇನ್ನೊಂದು ವಿಷಯ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಬೇಕು. ಬೇರೆ ರಾಜ್ಯ, ಬೇರೆ ದೇಶಗಳಲ್ಲಿ ನಿಯಮ ಬೇರೆ. ನೀವಿರುವಲ್ಲಿನ ನಿಯಮ ತಿಳಿದುಕೊಂಡು ಕೆಲಸಕ್ಕಿಳಿಯಿರಿ.

ಹೈಡ್ರೋಮೀಟರ್: ಮೊದಲು ಅದನ್ನೇ ಪರೀಕ್ಷಿಸಿ

ಗಾಜಿನ ಈ ಕಡ್ಡಿಯೂ ತಪ್ಪು ಹೇಳಬಹುದು. ಒಳಗಿನ ಕಾಗದದ ಪಟ್ಟಿ ಸಾಗಾಟದಲ್ಲಿ ಒಂದೆರಡು ಗೀಟು ಜಾರಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ ತೇಲಿಬಿಟ್ಟಾಗ ಅದು 1.000 ತೋರಿಸಬೇಕು. 1.003 ತೋರಿಸಿದರೆ ಎಸೆಯಬೇಕಿಲ್ಲ. ಪ್ರತಿ ಸಲವೂ 0.003 ಕಳೆಯಿರಿ. ನಮ್ಮಲ್ಲಿ ನಲ್ಲಿ ನೀರು 20 ಡಿಗ್ರಿ ಇರುವುದು ಅಪರೂಪ. ಫ್ರಿಜ್ಜಿನ ನೀರು ಬೆರೆಸಿ ಥರ್ಮಾಮೀಟರ್ ಇಟ್ಟು ನೋಡಿ.

ಶಾಖದ ತಿದ್ದುಪಡಿಯನ್ನು ಬಹಳ ಜನ ಮರೆಯುತ್ತಾರೆ. 20 ಡಿಗ್ರಿಗೆ ಅಳತೆ ಮಾಡಿದ ಹೈಡ್ರೋಮೀಟರ್‌ನಲ್ಲಿ ಮಾದರಿ 25 ಡಿಗ್ರಿ ಇದ್ದರೆ ಓದಿಗೆ, ಅಂದರೆ ಕಡ್ಡಿ ತೋರಿಸಿದ ಅಂಕಿಗೆ, 0.001 ಕೂಡಿಸಿ, 30 ಇದ್ದರೆ 0.0025, 35 ಇದ್ದರೆ 0.004. ಪಟ್ಟಿಯ ಮೇಲೆ 60 ಫ್ಯಾರನ್‌ಹೀಟ್ ಎಂದು ಬರೆದಿದ್ದರೆ 30 ಡಿಗ್ರಿಗೆ ಕೂಡಿಸಬೇಕಾದದ್ದು ಸುಮಾರು 0.0035.

ಹುದುಗುತ್ತಿರುವ ವೈನ್‌ನಲ್ಲಿ ಇನ್ನೊಂದು ಮೋಸವಿದೆ. ಕರಗಿರುವ ಇಂಗಾಲದ ಡೈಆಕ್ಸೈಡ್ ಸಣ್ಣ ಗುಳ್ಳೆಗಳಾಗಿ ಕಡ್ಡಿಗೆ ಅಂಟಿ ಅದನ್ನು ಮೇಲೆತ್ತುತ್ತದೆ. ಓದು ಇರಬೇಕಾದದ್ದಕ್ಕಿಂತ ಹೆಚ್ಚು ಬರುತ್ತದೆ, ಸಕ್ಕರೆ ಇನ್ನೂ ಉಳಿದಿದೆ ಎಂಬ ಭ್ರಮೆ ಹುಟ್ಟುತ್ತದೆ. 200 ಮಿಲಿ ಮಾದರಿಯನ್ನು ಎರಡು ಸ್ಟೀಲ್ ಲೋಟಗಳ ನಡುವೆ, ಕಾಫಿ ಎತ್ತಿ ಸುರಿಯುವ ಹಾಗೆ, ಐದಾರು ಸಲ ಸುರಿದು ಗಾಳಿ ಬಿಡಿಸಿ. ಆಮೇಲೆ ಅಳತೆ ಜಾಡಿಗೆ ಹಾಕಿ, ಕಡ್ಡಿಯನ್ನು ಒಮ್ಮೆ ಗಿರ್ರನೆ ತಿರುಗಿಸಿ, ನಿಂತ ಮೇಲೆ ದ್ರವದ ಮಟ್ಟಕ್ಕೆ ಕಣ್ಣಿಟ್ಟು ಓದಿ. ಈ ಮಾದರಿಯನ್ನು ಮತ್ತೆ ಡಬ್ಬಕ್ಕೆ ಸುರಿಯಬೇಡಿ.

ಮೊದಲ ದಿನದ ಓದಿನಲ್ಲೂ ಎಡವಟ್ಟಾಗುವುದುಂಟು. ಬೆಂಗಳೂರು ನೀಲಿಯ ರಸಕ್ಕೆ ಸಕ್ಕರೆ ಸೇರಿಸಿ 1.090ಕ್ಕೆ ತರಬೇಕೆಂದಿರುತ್ತೀರಿ. ಲೆಕ್ಕದಂತೆ ಸಕ್ಕರೆ ಹಾಕಿದ ಮೇಲೂ 1.070 ಬಂದರೆ ಸಕ್ಕರೆ ತಳದಲ್ಲಿ ಕೂತಿದೆ ಎಂದರ್ಥ. ಸ್ವಲ್ಪ ರಸ ತೆಗೆದು ಸಕ್ಕರೆಯನ್ನು ಅದರಲ್ಲಿ ಪೂರ್ತಿ ಕರಗಿಸಿ ಸುರಿಯಿರಿ, ಐದು ನಿಮಿಷ ಕದಡಿ, ಮತ್ತೆ ಅಳೆಯಿರಿ. ಆಲ್ಕೋಹಾಲ್ ಲೆಕ್ಕ ಸುಲಭ: ಮೊದಲ ಓದಿನಿಂದ ಕೊನೆಯ ಓದನ್ನು ಕಳೆದು 131ರಿಂದ ಗುಣಿಸಿ. 1.090ರಿಂದ 0.995ಕ್ಕೆ ಇಳಿದರೆ ಸುಮಾರು ಶೇ. 12.4.

ಮನೆಯಲ್ಲಿರುವ ಲ್ಯಾಕ್ಟೋಮೀಟರ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಾಲಿಗೆ ಮಾಡಿದ ಅದರ ಪಟ್ಟಿ ಸಾಮಾನ್ಯವಾಗಿ 1.040ಕ್ಕೆ ಮುಗಿಯುತ್ತದೆ, ದ್ರಾಕ್ಷಿ ರಸದಲ್ಲಿ ಅದು ಮೂತಿ ಎತ್ತಿ ತೇಲುತ್ತದೆ. ರಸದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಹಣ್ಣಿನ ಸಿಹಿ ನೋಡಲು ಒಳ್ಳೆಯದು. ಆದರೆ ಹುದುಗು ಶುರುವಾದ ಮೇಲೆ ಆಲ್ಕೋಹಾಲ್ ಬೆಳಕನ್ನು ಬಾಗಿಸುವ ರೀತಿಯೇ ಬೇರೆ, ಹಾಗಾಗಿ ಅದರ ಓದನ್ನು ಲೆಕ್ಕ ಹಾಕಿ ತಿದ್ದದೆ ನಂಬುವಂತಿಲ್ಲ.

ಈಗ ತೀರ್ಮಾನ. ಎರಡು ದಿನದ ಅಂತರದಲ್ಲಿ ಎರಡು ಸಲ ಅಳೆಯಿರಿ. ಓದು ಇಳಿಯುತ್ತಿದ್ದರೆ ವೈನ್ ಸರಿಯಿದೆ, ಗುಳ್ಳೆ ಬರದಿರುವುದು ಸೋರಿಕೆಯಿಂದ. 0.998ಕ್ಕಿಂತ ಕೆಳಗೆ ಬಂದು ನಿಂತಿದ್ದರೆ ಕೆಲಸ ಮುಗಿದಿದೆ. 1.010ಕ್ಕಿಂತ ಮೇಲೆಯೇ ಅಲುಗಾಡದೆ ನಿಂತಿದ್ದರೆ ಆಗ ನಿಜವಾಗಿಯೂ ಹುದುಗು ನಿಂತಿದೆ.

ಸೋರಿಕೆ ಹುಡುಕುವುದು

ಗಾಳಿ ಸೋರುವ ಜಾಗಗಳು ನಾಲ್ಕು: ಮುಚ್ಚಳದ ಅಂಚಿನ ವಾಷರ್, ಏರ್‌ಲಾಕ್ ಕೂರುವ ರಬ್ಬರ್ ಬಳೆ (ಗ್ರಾಮೆಟ್), ತೂತಿನ ಸುತ್ತ ಮುಚ್ಚಳದಲ್ಲಿ ಬಿಟ್ಟ ಬಿರುಕು, ಮತ್ತು ನಲ್ಲಿ ಇದ್ದರೆ ಅದರ ಬುಡ. ನಲ್ಲಿಯ ಬುಡದಲ್ಲಿ ಗಾಳಿಯ ಬದಲು ವೈನೇ ಜಿನುಗುವುದರಿಂದ ಅದು ತಾನಾಗಿಯೇ ಕಾಣುತ್ತದೆ. ಉಳಿದ ಮೂರಕ್ಕೆ ಹೀಗೆ ಮಾಡಿ:

1. ಏರ್‌ಲಾಕ್‌ಗೆ ಗುರುತಿನವರೆಗೆ, ಅಂದರೆ ಸುಮಾರು ಅರ್ಧ ನೀರು ಹಾಕಿ. ತುಂಬ ಹಾಕಿದರೆ ನೀರು ಉಕ್ಕಿ ಹೊರಚೆಲ್ಲುತ್ತದೆ, ಕಡಿಮೆಯಾದರೆ ಗಾಳಿ ಸುಮ್ಮನೆ ನುಸುಳಿಹೋಗುತ್ತದೆ.

2. ಪ್ಲಾಸ್ಟಿಕ್ ಬಕೆಟ್ ಆದರೆ ಮುಚ್ಚಳದ ನಡುವೆ ಅಂಗೈಯಿಂದ ಮೆಲ್ಲಗೆ ಒತ್ತಿ, ಏರ್‌ಲಾಕ್‌ನ ಒಂದು ಬದಿಯ ನೀರು ಒಂದು ಸೆಂಟಿಮೀಟರ್ ಏರುವವರೆಗೆ. ಕೈ ತೆಗೆಯದೆ ಹಾಗೆಯೇ ಹಿಡಿದುಕೊಳ್ಳಿ. ಒತ್ತಿ ಹಿಡಿದಿರುವಾಗಲೇ ನೀರು ಮೊದಲಿನ ಮಟ್ಟಕ್ಕೆ ಇಳಿದರೆ ಎಲ್ಲೋ ಸೋರುತ್ತಿದೆ.

3. ಗಾಜಿನ ಜಾಡಿಯನ್ನು ಒತ್ತಲಾಗುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ವೈನ್ ಮಟ್ಟಕ್ಕಿಂತ ಮೇಲಿನ ಖಾಲಿ ಜಾಗದ ಸುತ್ತ ಸುತ್ತಿ. ಒಳಗಿನ ಗಾಳಿ ಹಿಗ್ಗಿ ಒಂದೆರಡು ನಿಮಿಷದಲ್ಲಿ ಗುಳ್ಳೆ ಬರಲೇಬೇಕು. ಬಿಸಿನೀರು ಬೇಡ, ಗಾಜು ಸಿಡಿಯುತ್ತದೆ.

4. ಸೋರಿಕೆ ಖಚಿತವಾದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಸ್ವಲ್ಪ ನೀರಿಗೆ ಹಾಕಿ ನೊರೆ ಮಾಡಿ, ಬೆರಳಿನಿಂದ ಅಂಚಿಗೆಲ್ಲ ಸವರಿ. ನೊರೆ ಉಬ್ಬಿದಲ್ಲೇ ತೂತು. ಆಮೇಲೆ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ.

ಮನೆಯಲ್ಲಿ ತೂತು ಮಾಡಿದ ಮುಚ್ಚಳಗಳಲ್ಲಿ ದೋಷ ಹೆಚ್ಚಾಗಿ ತೂತಿನಲ್ಲೇ ಇರುತ್ತದೆ. ಕಾಯಿಸಿದ ಸ್ಕ್ರೂಡ್ರೈವರ್ ಚುಚ್ಚಿ ಮಾಡಿದ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಗಂಟುಗಂಟಾಗಿ ನಿಲ್ಲುತ್ತದೆ. ಅದರ ಮೇಲೆ ಎಂಥ ರಬ್ಬರ್ ಬಳೆಯೂ ಸಮನಾಗಿ ಕೂರದು. ಮುಚ್ಚಳವನ್ನು ಮರದ ತುಂಡಿನ ಮೇಲೆ ಬೋರಲು ಹಾಕಿ, ಡ್ರಿಲ್ ನಿಧಾನ ಓಡಿಸಿ, ಅಂಚನ್ನು ಬ್ಲೇಡಿನಿಂದ ಹೆರೆದು ನಯ ಮಾಡಿ. ಬಳೆಯ ಹೊರಗಿನ ಕಾಲುವೆಯ ವ್ಯಾಸವನ್ನು ಮೊದಲೇ ಅಳೆದು ಅದೇ ಅಳತೆಯ ಬಿಟ್ ಬಳಸಿ. ಏರ್‌ಲಾಕ್ ಕೂರಿಸುವಾಗ ಬಳೆಯನ್ನು ಒದ್ದೆ ಮಾಡಿ, ತಿರುಗಿಸುತ್ತ ಒತ್ತಿ. ಒಣಗಿದ್ದಾಗ ಒತ್ತಿದರೆ ಬಳೆ ಡಬ್ಬದೊಳಗೇ ಬೀಳುತ್ತದೆ.

ಸಂದಿಗೆ ಎಂ-ಸೀಲ್ ಮೆತ್ತುವ ಅಭ್ಯಾಸ ಬಿಡಿ. ಅದು ಆಹಾರಕ್ಕೆ ಮಾಡಿದ ವಸ್ತುವಲ್ಲ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಸೀಲಂಟ್ ಹಚ್ಚಿದರೆ ಕನಿಷ್ಠ 24 ಗಂಟೆ ಒಣಗಲು ಬಿಡಿ. ಹಲವು ಸೀಲಂಟ್‌ಗಳು ಒಣಗುವಾಗ ವಿನೆಗರ್ ವಾಸನೆ ಬಿಡುತ್ತವೆ; ಅದನ್ನು ಮೂಸಿ ವೈನ್ ಹುಳಿಯಾಯಿತೆಂದು ಚೆಲ್ಲಿಬಿಟ್ಟೀರಿ.

ನಲ್ಲಿಯ ಬುಡ ಜಿನುಗಿದಾಗ ಎಲ್ಲರೂ ಟೆಫ್ಲಾನ್ ಟೇಪ್ ಸುತ್ತುತ್ತಾರೆ. ನೀರಿನ ಡಬ್ಬದ ಇಂಥ ನಲ್ಲಿಯಲ್ಲಿ ಸೋರಿಕೆ ತಡೆಯುವುದು ವಾಷರ್, ತಿರುಪಿನ ಸುತ್ತುಗಳಲ್ಲ. ಗೋಡೆಯ ಒಳಗೊಂದು ಹೊರಗೊಂದು ಚಪ್ಪಟೆ ಸಿಲಿಕೋನ್ ವಾಷರ್ ಹಾಕಿ, ನಟ್ಟನ್ನು ಕೈಯಿಂದ ಬಿಗಿಸಿ, ಇನ್ನು ಕಾಲು ಸುತ್ತು ತಿರುಗಿಸಿ ಬಿಡಿ. ಪಾನಾ ಹಾಕಿ ಜಗ್ಗಿದರೆ ವಾಷರ್ ಹಿಂಡಿ ಪಕ್ಕಕ್ಕೆ ಜರುಗುತ್ತದೆ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ.

ಹುದುಗು ಜೋರಾಗಿರುವಾಗ ಸಣ್ಣ ಸೋರಿಕೆಗೆ ಗಾಬರಿ ಬೇಡ. ಗಾಳಿ ಒಳಗಿನಿಂದ ಹೊರಕ್ಕೆ ನುಗ್ಗುತ್ತಿರುವ ತನಕ ಹೊರಗಿನದು ಒಳಗೆ ಬರಲಾರದು. 1.010ರ ಹತ್ತಿರ ಬಂದು ಅಬ್ಬರ ಇಳಿಯುವುದರೊಳಗೆ ಸರಿಪಡಿಸಿ.

ಉಕ್ಕುವುದು, ಒಳಗೆ ಎಳೆದುಕೊಳ್ಳುವುದು, ಒಣಗುವುದು

ಉಕ್ಕುವುದಕ್ಕೆ ಕಾರಣ ಪಾತ್ರೆ ಚಿಕ್ಕದಾಗಿರುವುದು. ಸಿಪ್ಪೆ ಸಮೇತ 10 ಲೀಟರ್ ಹಾಕುವುದಾದರೆ 15 ಲೀಟರಿನ ಪಾತ್ರೆ ಬೇಕು. ಒಂದು ಕಿಲೋ ಸಕ್ಕರೆ ಪೂರ್ತಿ ಹುದುಗಿದರೆ 250 ಲೀಟರಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದು ಸಿಪ್ಪೆಯನ್ನು ಎತ್ತಿಕೊಂಡು ಬಂದು ಏರ್‌ಲಾಕ್‌ನ ಕಿರಿದಾದ ಕೊಳವೆಗೆ ತುರುಕಿದರೆ ಮುಚ್ಚಳ ಹಾರುತ್ತದೆ, ಅಡುಗೆಮನೆಯ ಸೂರು ನೇರಳೆಯಾಗುತ್ತದೆ. ಗಾಜಿನ ಪಾತ್ರೆಯಾದರೆ ಅದೇ ಒಡೆಯಬಹುದು. ಇದೇ ಕಾರಣಕ್ಕೆ ಹುದುಗುತ್ತಿರುವ ಯಾವ ಪಾತ್ರೆಯನ್ನೂ ಬಿರಡೆ ಬಿಗಿದು ಇಡಬಾರದು.

ನಮ್ಮ ಅಭಿಪ್ರಾಯದಲ್ಲಿ ಸಿಪ್ಪೆ ಇರುವ ಮೊದಲ ನಾಲ್ಕರಿಂದ ಆರು ದಿನ ಏರ್‌ಲಾಕ್ ಬೇಕೇ ಇಲ್ಲ. ಅಗಲ ಬಾಯಿಯ ಬಕೆಟ್, ಮೇಲೆ ಎರಡು ಮಡಿಕೆ ಶುಭ್ರ ಹತ್ತಿ ಬಟ್ಟೆ, ಸುತ್ತ ಎಲಾಸ್ಟಿಕ್. ಹಣ್ಣುನೊಣ ನುಸುಳದಷ್ಟು ಬಿಗಿ ಇದ್ದರೆ ಸಾಕು. ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನಕ್ಕೆ ಎರಡು ಮೂರು ಸಲ ಅದುಮಿ ಮುಳುಗಿಸಲೇಬೇಕು, ಇಲ್ಲದಿದ್ದರೆ ಅದು ಒಣಗಿ ವಿನೆಗರ್ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಅದಕ್ಕೆ ಉದ್ದ ಹಿಡಿಯ ಸ್ಟೀಲ್ ಸೌಟು ಬಳಸಿ. ಮಜ್ಜಿಗೆ ಕಡೆಯುವ ಕಡಗೋಲು ಎಷ್ಟೇ ಅನುಕೂಲವಾಗಿ ಕಂಡರೂ ಬೇಡ. ಮರದ ಸೀಳುಗಳಲ್ಲಿ ಜಿಡ್ಡೂ ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾವೂ ಸೇರಿರುತ್ತವೆ. ಸಿಪ್ಪೆ ಹಿಂಡಿ ತೆಗೆದು ರಸವನ್ನು ಕಿರಿದು ಬಾಯಿಯ ಪಾತ್ರೆಗೆ ಬದಲಿಸಿದ ಮೇಲೆ ಏರ್‌ಲಾಕ್ ಹಾಕಿ. ಆಗಲೂ ನೊರೆ ಬಂದರೆ 12 ಮಿಮೀ ಒಳವ್ಯಾಸದ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಜಗ್ಗಿನ ನೀರಿನಲ್ಲಿ ಐದು ಸೆಂಟಿಮೀಟರ್ ಮುಳುಗಿಸಿಡಿ. ಮೀನಿನ ತೊಟ್ಟಿಯ ತೆಳು ಕೊಳವೆ ಅಥವಾ ಆಸ್ಪತ್ರೆಯ ಡ್ರಿಪ್ ಪೈಪು ಈ ಕೆಲಸಕ್ಕೆ ಬಾರದು. ಒಂದು ಬೀಜ ಸಿಕ್ಕಿದರೂ ಕಟ್ಟಿಕೊಳ್ಳುತ್ತದೆ.

ಏರ್‌ಲಾಕ್‌ನ ನೀರು ವೈನ್ ಒಳಕ್ಕೆ ಹೋಗಿಬಿಡುವುದು ಮಡಿಕೇರಿ, ಚಿಕ್ಕಮಗಳೂರಿನಂಥ ಕಡೆ ಚಳಿಗಾಲದಲ್ಲಿ ಆಗುವ ತೊಂದರೆ. ಹಗಲು 28 ಡಿಗ್ರಿ ಇದ್ದ ಡಬ್ಬ ರಾತ್ರಿ 18ಕ್ಕೆ ಇಳಿದರೆ ಒಳಗಿನ ಗಾಳಿ ಶೇ. 3ರಷ್ಟು ಕುಗ್ಗುತ್ತದೆ. ಖಾಲಿ ಜಾಗ 5 ಲೀಟರ್ ಇದ್ದರೆ ಅದು 160 ಮಿಲಿಗೂ ಹೆಚ್ಚು. ಏರ್‌ಲಾಕ್‌ನಲ್ಲಿರುವ ನೀರು ಅದರ ಮುಂದೆ ಯಾವ ಲೆಕ್ಕ? ಮೂರು ತುಂಡಿನ ಏರ್‌ಲಾಕ್ ನೀರನ್ನು ಸಲೀಸಾಗಿ ಒಳಗೆ ಬಿಟ್ಟುಕೊಡುತ್ತದೆ. ‘ಎಸ್’ ಆಕಾರದ್ದರಲ್ಲಿ ಗಾಳಿ ಹಿಮ್ಮುಖವಾಗಿ ಗುಳ್ಳೆಯಾಗಿ ಬರುತ್ತದೆ, ನೀರು ಅಲ್ಲೇ ಉಳಿಯುತ್ತದೆ. ಚಳಿ ಊರಿನವರು ಎಸ್ ಆಕಾರದ್ದನ್ನೇ ಕೊಳ್ಳಿ. ಯಾವುದೇ ಆದರೂ ಒಳಗೆ ಬರೀ ನೀರಿನ ಬದಲು ವೋಡ್ಕಾ ಹಾಕಿದರೆ ಒಂದೆರಡು ಚಮಚ ಒಳಗೆ ಬಿದ್ದರೂ ಹಾನಿಯಿಲ್ಲ. ನಲ್ಲಿ ತಿರುಗಿಸಿ ಮಾದರಿ ತೆಗೆಯುವಾಗಲೂ ಇದೇ ಎಳೆತ ಉಂಟಾಗುತ್ತದೆ, ಮೊದಲು ಏರ್‌ಲಾಕ್ ಕಿತ್ತಿಡಿ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತದ್ವಿರುದ್ಧ: ಏರ್‌ಲಾಕ್ ಬೇಗ ಒಣಗುತ್ತದೆ. ವಾರಕ್ಕೆ ಎರಡು ಸಲ ನೋಡಿ ತುಂಬಿ.

ಪಾತ್ರೆಯ ಆಯ್ಕೆ

ಮಂಗಳೂರಿನ ಕಡೆ ಕ್ರಿಸ್‌ಮಸ್ ವೈನ್ ಭರಣಿಯಲ್ಲೇ ಹಾಕುವ ರೂಢಿ ಇದೆ. ಭರಣಿ ಒಳ್ಳೆಯದೇ, ಆದರೆ ಉಪ್ಪಿನಕಾಯಿಯ ಭರಣಿ ಅಲ್ಲ. ಮೆರುಗಿನ ಕೂದಲೆಳೆ ಬಿರುಕುಗಳಲ್ಲಿ ಉಪ್ಪು, ಎಣ್ಣೆ ಇಳಿದಿರುತ್ತವೆ. ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಕಾಗದದ ಮೇಲೆ ಒದ್ದೆ ಉಂಗುರ ಬಿದ್ದಿದ್ದರೆ ಬಿರುಕು ಆಳವಾಗಿದೆ. ನೀರು ಉಪ್ಪುಪ್ಪಾಗಿದ್ದರೆ ಯೀಸ್ಟ್‌ಗೆ ಕಷ್ಟ. ಹಳೆಯ ಕಾಲದ, ಎಲ್ಲಿ ಮಾಡಿದ್ದೆಂದು ಗೊತ್ತಿಲ್ಲದ ಬಣ್ಣದ ಮೆರುಗಿನಲ್ಲಿ ಸೀಸ ಇರಬಹುದು, ಹುಳಿ ರಸ ಅದನ್ನು ಕರಗಿಸುತ್ತದೆ. ಅಂಥದ್ದನ್ನು ಅಲಂಕಾರಕ್ಕೆ ಇಟ್ಟುಕೊಳ್ಳಿ. ಭರಣಿಯ ಮುಚ್ಚಳ ಗಾಳಿಬಿಗಿಯಲ್ಲ, ಆದ್ದರಿಂದ ಸಿಪ್ಪೆ ಇರುವ ಮೊದಲ ಹಂತಕ್ಕಷ್ಟೇ ಅದು ಸೂಕ್ತ.

ಹಿತ್ತಾಳೆ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಯಾವುದೂ ಬೇಡ. ಹಳೆಯ ಹಾಲಿನ ಕ್ಯಾನ್ ಎಷ್ಟೋ ಸಲ ಅಲ್ಯೂಮಿನಿಯಂನದು. ಅಯಸ್ಕಾಂತ ಇಟ್ಟು ಪರೀಕ್ಷಿಸಿ ಪ್ರಯೋಜನವಿಲ್ಲ. 304 ದರ್ಜೆಯ ಸ್ಟೀಲಿಗೂ ಅದು ಸರಿಯಾಗಿ ಅಂಟದು. ತೂಕ ನೋಡಿ, ಅಲ್ಯೂಮಿನಿಯಂ ಹಗುರ. ಪ್ಲಾಸ್ಟಿಕ್‌ನಲ್ಲಿ ಎಚ್‌ಡಿಪಿಇ (ತಳದಲ್ಲಿ 2ರ ಗುರುತು) ಅಥವಾ ಪಿಪಿ (5ರ ಗುರುತು), ಅದೂ ಆಹಾರಕ್ಕೆಂದೇ ಮಾಡಿದ್ದು. ಪೇಂಟ್ ಬಕೆಟ್ ಎಷ್ಟು ತೊಳೆದರೂ ಪೇಂಟ್ ಬಕೆಟ್ಟೇ. 20 ಲೀಟರಿನ ನೀರಿನ ಕ್ಯಾನ್ ಎರಡನೇ ಹಂತಕ್ಕೆ, ಅಂದರೆ ಸಿಪ್ಪೆ ತೆಗೆದ ಮೇಲೆ, ನಡೆದೀತು, ಆದರೆ ತೆಳು ಪ್ಲಾಸ್ಟಿಕ್ ಮೂಲಕ ಆಮ್ಲಜನಕ ನಿಧಾನವಾಗಿ ನುಸುಳುತ್ತದೆ. ತಿಂಗಳುಗಟ್ಟಲೆ ಇಡುವುದಾದರೆ ಗಾಜು.

ಎರಡನೇ ಹಂತದಲ್ಲಿ ವೈನ್ ಮೇಲಿನ ಖಾಲಿ ಜಾಗ ಶತ್ರು. ಬಿರಡೆಯಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗಿನವರೆಗೆ ತುಂಬಿರಬೇಕು. ಸಾಲದಿದ್ದರೆ ಕುದಿಸಿ ಆರಿಸಿದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಹಾಕಿ ಮಟ್ಟ ಏರಿಸಬಹುದು, ಅಥವಾ ಚಿಕ್ಕ ಪಾತ್ರೆಗೆ ಬದಲಿಸಿ. ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದು ಖಾಲಿ ಜಾಗದ ಫಲ.

ಶಾಖ

ಹುದುಗುವ ವೈನ್ ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಕೋಣೆ 33 ಇದ್ದರೆ ಒಳಗೆ 36 ಮುಟ್ಟಿ ಯೀಸ್ಟ್ ಬಳಲಿ ನಿಲ್ಲಬಹುದು. ಕೆಂಪು ವೈನ್‌ಗೆ 20ರಿಂದ 28 ಡಿಗ್ರಿ ಹಿತ. ಡಬ್ಬದ ಹೊರಗೆ ಅಂಟಿಸುವ ಪಟ್ಟಿ ಗೋಡೆಯ ಶಾಖ ತೋರಿಸುತ್ತದೆ, ಸಿಪ್ಪೆಯ ಪದರದ್ದನ್ನಲ್ಲ. ಅದುಮಿದ ಮೇಲೆ ಸ್ಟೀಲ್ ಕಡ್ಡಿಯ ಥರ್ಮಾಮೀಟರ್ ಇಳಿಸಿ ನೋಡಿ.

ಬಿಸಿ ಜಾಸ್ತಿಯಾದರೆ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಹಳೆಯ ಹತ್ತಿ ಬಟ್ಟೆ ಸುತ್ತಿ ಅದರ ಅಂಚು ನೀರಿಗೆ ತಾಗುವಂತೆ ಬಿಡಿ, ಫ್ಯಾನ್ ಹಾಕಿ. ಬಯಲುಸೀಮೆಯ ಒಣ ಗಾಳಿಯಲ್ಲಿ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಕರಾವಳಿಯ ಆರ್ದ್ರತೆಯಲ್ಲಿ ನೀರು ಆವಿಯಾಗುವುದೇ ಇಲ್ಲ, ಅಲ್ಲಿ ಒಂದು ಲೀಟರಿನ ಎರಡು ಬಾಟಲಿ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಬೆಳಿಗ್ಗೆ ಒಂದು, ಸಂಜೆ ಒಂದು ಟಬ್ಬಿಗೆ ಬಿಡಿ. ಚಳಿಯಿದ್ದರೆ ನೆಲದಿಂದ ಎತ್ತಿ ಮಣೆಯ ಮೇಲಿಟ್ಟು ಕಂಬಳಿ ಹೊದಿಸಿದರೆ ಸಾಕು.

ಶಾಖ ಸರಿಯಿದ್ದೂ ಓದು 1.010ಕ್ಕಿಂತ ಮೇಲೆ ನಿಂತಿದ್ದರೆ ಮಾತ್ರ ಯೀಸ್ಟ್‌ಗೆ ಕೈ ಹಾಕಿ. ನೇರ ಸುರಿದ ಯೀಸ್ಟ್ ಆಲ್ಕೋಹಾಲ್ ತಗುಲಿ ಸಾಯುತ್ತದೆ. ಇಸಿ-1118ರಂಥ ವೈನ್ ಯೀಸ್ಟ್ 5 ಗ್ರಾಂ ಅನ್ನು 37–40 ಡಿಗ್ರಿಯ 50 ಮಿಲಿ ನೀರಿನಲ್ಲಿ 15–20 ನಿಮಿಷ ನೆನೆಸಿ, ಒಂದು ಚಮಚ ಸಕ್ಕರೆ ಸೇರಿಸಿ ನೊರೆ ಬಂದ ಮೇಲೆ 50 ಮಿಲಿ ನಿಂತ ವೈನ್ ಬೆರೆಸಿ. ಮತ್ತೆ ನೊರೆ ಬಂದಾಗ 100, ಆಮೇಲೆ 200, ಆಮೇಲೆ 400 ಮಿಲಿ. ಒಂದು ದಿನ ಹಿಡಿಯುತ್ತದೆ. ಅದು ಚುರುಕಾಗಿರುವಾಗ ದೊಡ್ಡ ಪಾತ್ರೆಗೆ ಸೇರಿಸಿ.

ಸೈಫನ್ ನಿಂತುಹೋದರೆ

ಸೈಫನ್ ಎಂದರೆ ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ವೈನ್ ತಾನಾಗಿ ಹರಿಯುವಂತೆ ಇಳಿಬಿಟ್ಟ ಕೊಳವೆ. ಮೇಲಿನ ಪಾತ್ರೆಯ ತಳ ಕೆಳಗಿನ ಪಾತ್ರೆಯ ಬಾಯಿಗಿಂತ ಎತ್ತರದಲ್ಲಿರಲಿ. ಅರ್ಧಕ್ಕೆ ನಿಂತರೆ ಕೊಳವೆಯ ಅತಿ ಎತ್ತರದ ಬಾಗನ್ನು ನೋಡಿ: ಕರಗಿದ ಅನಿಲ ಅಲ್ಲಿ ಗುಳ್ಳೆಯಾಗಿ ಸೇರಿ ಹರಿವನ್ನು ಕಡಿದಿರುತ್ತದೆ. ಕೊಳವೆಯ ಕೆಳತುದಿಯನ್ನು ಚಿವುಟಿ ಹಿಡಿದು ಬಾಗನ್ನು ಬೆರಳಿನಿಂದ ತಟ್ಟಿ ಬಿಡಿ, ಮತ್ತೆ ಹರಿಯುತ್ತದೆ. ಒಳತುದಿ ಮಡ್ಡಿಯಿಂದ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ಕೊಳವೆಯನ್ನು ಒಂದು ಸ್ಟೀಲ್ ಚಮಚದ ಹಿಡಿಗೆ ಕಟ್ಟಿದರೆ ತೇಲದು, ಮಡ್ಡಿಗೂ ಇಳಿಯದು. ಹೊರತುದಿ ಕೆಳಗಿನ ಪಾತ್ರೆಯ ತಳ ಮುಟ್ಟಲಿ, ಎತ್ತರದಿಂದ ಸುರಿದರೆ ಗಾಳಿ ಬೆರೆಯುತ್ತದೆ. ಬಾಯಿಂದ ಎಳೆಯಬೇಡಿ, ಕೊಳವೆಗೆ ಮೊದಲೇ ಕುದಿಸಿ ಆರಿಸಿದ ನೀರು ತುಂಬಿ ಶುರು ಮಾಡಿ. ಗ್ಯಾಸ್ ಒಲೆಯ ರಬ್ಬರ್ ಪೈಪು, ಗಿಡಕ್ಕೆ ನೀರು ಹಾಯಿಸುವ ಪೈಪು ರಬ್ಬರಿನ ವಾಸನೆಯನ್ನು ವೈನ್‌ಗೆ ಕೊಡುತ್ತವೆ, ಆಹಾರ ದರ್ಜೆಯ ಸಿಲಿಕೋನ್ ಕೊಳವೆಯೇ ಬೇಕು.

ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ

ಕೊಳೆ ಇರುವಲ್ಲಿ ಯಾವ ಸೋಂಕುನಾಶಕವೂ ಕೆಲಸ ಮಾಡದು. ವಾಷಿಂಗ್ ಸೋಡಾ ಒಂದು ಚಮಚವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ ಮೆತ್ತನೆಯ ಬಟ್ಟೆಯಿಂದ ಉಜ್ಜಿ, ಚೆನ್ನಾಗಿ ಜಾಲಾಡಿಸಿ. ಸ್ಟೀಲ್ ನಾರು ಪ್ಲಾಸ್ಟಿಕ್‌ನಲ್ಲಿ ಗೀರು ಮಾಡಿ ಬ್ಯಾಕ್ಟೀರಿಯಾಕ್ಕೆ ಬಿಲ ತೋಡಿಕೊಡುತ್ತದೆ. ಪೆಟ್ ಬಾಟಲಿಗೆ ಕುದಿನೀರು ಹಾಕಿದರೆ ಮುದುಡುತ್ತದೆ. ಬ್ಲೀಚಿಂಗ್ ಪುಡಿ ಬೇಡ. ಅದರ ಕ್ಲೋರಿನ್ ಹಣ್ಣಿನ ಫೀನಾಲ್‌ಗಳ ಜತೆ ಸೇರಿ ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ತರುತ್ತದೆ, ಅದು ಹೋಗುವುದಿಲ್ಲ.

ಸೋಂಕು ಕಳೆಯಲು ಸ್ಕ್ವಾಷ್ ಮಾಡುವವರು ಬಳಸುವ ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಸಾಕು. ಒಂದು ಲೀಟರ್ ನೀರಿಗೆ 10 ಗ್ರಾಂ, ಜತೆಗೆ 10 ಗ್ರಾಂ ಸಿಟ್ರಿಕ್ ಆಮ್ಲ. ಆಮ್ಲವಿದ್ದರೇ ಅದರ ಸಲ್ಫರ್ ಡೈಆಕ್ಸೈಡ್ ಚುರುಕಾಗುವುದು. ಕಿಟಕಿ ತೆರೆದಿಟ್ಟು ಬೆರೆಸಿ. ಅಸ್ತಮಾ ಇರುವವರು ಹತ್ತಿರ ಬರಬಾರದು. ಐದು ನಿಮಿಷ ಎಲ್ಲ ಕಡೆ ತಾಗಿಸಿ, ಕುದಿಸಿ ಆರಿಸಿದ ನೀರಿನಿಂದ ಜಾಲಾಡಿಸಿ. ದ್ರಾವಣಕ್ಕೆ ಮೂಗಿಗೆ ಹೊಡೆಯುವ ವಾಸನೆ ಇಲ್ಲವಾದರೆ ಅದರ ಶಕ್ತಿ ಮುಗಿದಿದೆ. ಪುಡಿಯೂ ಅಷ್ಟೆ, ತೇವ ತಾಗಿ ಗಟ್ಟಿಯಾದ ಹಳೆಯ ಪೊಟ್ಟಣವನ್ನು ನಂಬಬೇಡಿ. ವೈನ್‌ಗೇ ಹಾಕುವುದಾದರೆ 10 ಲೀಟರಿಗೆ 1 ಗ್ರಾಂ. ಅದರಿಂದ ಲೀಟರಿಗೆ ಸುಮಾರು 57 ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಸಿಗುತ್ತದೆ. ಇದನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಸಣ್ಣ ತೂಕದ ಯಂತ್ರ ಬೇಕು.

ಬಿರಡೆ ಹಾರುವುದು

ಓದು 0.998ಕ್ಕಿಂತ ಕೆಳಗೆ ಬಂದು ಎರಡು ಮೂರು ವಾರ ಕದಲದೆ ನಿಂತ ಮೇಲೆಯೇ ಬಾಟಲಿಗೆ ತುಂಬಿ. ಸಿಹಿ ವೈನ್ ಬೇಕೆಂದು ಕೊನೆಯಲ್ಲಿ ಸಕ್ಕರೆ ಹಾಕಿದರೆ ಯೀಸ್ಟ್ ಮತ್ತೆ ಏಳುತ್ತದೆ. ಅಂಥದ್ದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ದ್ರವಕ್ಕೂ ಬಿರಡೆಗೂ ನಡುವೆ ಒಂದೂವರೆ ಎರಡು ಸೆಂಟಿಮೀಟರ್ ಬಿಡಿ, ತೀರಾ ತುಂಬಿದರೆ ಬೇಸಿಗೆಯಲ್ಲಿ ಹಿಗ್ಗಿದ ವೈನ್ ಬಿರಡೆಯನ್ನು ಮೇಲೆ ತಳ್ಳುತ್ತದೆ. ಪ್ರತಿ ಸಲವೂ ಒಂದು ಬಾಟಲಿಯನ್ನು ಸೋಡಾದ ಪೆಟ್ ಬಾಟಲಿಯಲ್ಲೇ ತುಂಬಿ ಉಳಿದವುಗಳ ಪಕ್ಕ ಇಡಿ. ಅದನ್ನು ವಾರಕ್ಕೊಮ್ಮೆ ಹಿಸುಕಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಗಾಜಿನ ಬಾಟಲಿಗಳಲ್ಲೂ ಅಷ್ಟೇ ಒತ್ತಡವಿದೆ. ದಪ್ಪ ಟವೆಲ್ ಸುತ್ತಿ, ಮುಖ ದೂರವಿಟ್ಟು, ಸಾಧ್ಯವಾದರೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ತಣಿಸಿದ ಮೇಲೆ, ಒಂದೊಂದಾಗಿ ಬಿರಡೆ ಸಡಿಲಿಸಿ. ಎಲ್ಲವನ್ನೂ ಮತ್ತೆ ದೊಡ್ಡ ಪಾತ್ರೆಗೆ ಸುರಿದು, ಏರ್‌ಲಾಕ್ ಹಾಕಿ, ಹೈಡ್ರೋಮೀಟರ್ ಇಳಿಸಿ.